ನಮ್ಮ ಕಡೆಯ ರಕ್ತ

ಒಂದು ಹಲ್ಲು ಕೀಳಿಸಿದ್ದಕ್ಕೆ ಮೃಣಾಲಿನಿಯ ಬಾಯಿಂದ ಮೂರು ದಿನ ರಕ್ತ ನಿಲ್ಲಲಿಲ್ಲ. ವಿಶಾಖಪಟ್ಟಣದಲ್ಲೇ ಬೆಳೆದ ಹನ್ನೆರಡರ ಹುಡುಗಿ, "ಅಮ್ಮಾ, ಇಂಕಾ ವಸ್ತೋಂದಿ" ಎಂದು, ರಕ್ತ ಇನ್ನೂ ಬರುತ್ತಲೇ ಇದೆಯೆಂದು, ತೆಲುಗಿನಲ್ಲೇ ಅಳುತ್ತಿದ್ದಳು. ತಂದೆ ನರಸಿಂಹಮೂರ್ತಿ ಬ್ಯಾಂಕಿನಲ್ಲಿ ಆಫೀಸರು. "ನಿಮ್ಮ ಕಡೆಯೋರ ರಕ್ತಾನೇ ನೀರು" ಎಂದು ಹೆಂಡತಿ ಗಿರಿಜಾಳನ್ನು ಹಂಗಿಸಿದ. ಮಗಳ ಮೂಗಿನಿಂದ ಮೊದಲ ಸಲ ರಕ್ತ ಸುರಿದಾಗಿನಿಂದ ಗಿರಿಜಾ ಈ ಮಾತು ಕೇಳುತ್ತಲೇ ಬಂದಿದ್ದಳು.

ಡಾಕ್ಟರ್ ಸತ್ಯಮೂರ್ತಿ ಮೂವರ ರಕ್ತವನ್ನೂ ಮದ್ರಾಸಿಗೆ ಕಳಿಸಿ ಪರೀಕ್ಷೆ ಮಾಡಿಸಿದರು.

"ರಕ್ತ ಹೆಪ್ಪುಗಟ್ಟೋಕೆ ಒಂದು ಪ್ರೋಟೀನ್ ಬೇಕಮ್ಮಾ. ಅದು ಯಾರಲ್ಲಿ ಎಷ್ಟಿರುತ್ತೆ ಅನ್ನೋದು ಹುಟ್ಟಿನಿಂದ ಬಂದ ಜೀನಿನ ಮೇಲೆ ನಿಂತಿರುತ್ತೆ. ನಿಮ್ಮದು ಸರಿಯಾಗಿದೆ. ಸಾರ್‌ದು ಇರಬೇಕಾದ್ದರಲ್ಲಿ ಮೂರನೇ ಒಂದು ಭಾಗವೂ ಇಲ್ಲ. ಮಗುವಿಗೆ ಬಂದಿರೋದು ಅವರಿಂದ." ಆಮೇಲೆ ಗಂಡನತ್ತ ತಿರುಗಿ, "ನಿಮ್ಮ ಮನೆತನದಲ್ಲಿ ಬಸುರಿಯರಿದ್ದರೆ ಅವರ ಡಾಕ್ಟರಿಗೆ ತಿಳಿಸಿ. ಹೆರಿಗೆಯಾದ ಮೇಲಿನ ದಿನಗಳಲ್ಲೇ ಅಪಾಯ ಹೆಚ್ಚು" ಎಂದರು.

ವಿಜಯವಾಡದಲ್ಲಿ ನರಸಿಂಹಮೂರ್ತಿಯ ಅಕ್ಕ ರತ್ನಮ್ಮನ ಮಗಳು ಅನಸೂಯಾಗೆ ಆಗ ಎಂಟು ತಿಂಗಳು.

"ನೀನು ಕಾಗದ ಬರೀಬೇಡ. ನಾನೇ ಹೋಗಿ ಹೇಳ್ತೀನಿ" ಎಂದು ಅವನು ಭಾನುವಾರ ರೈಲು ಹತ್ತಿ ಹೋಗಿಬಂದ.

"ಹೇಳಿದ್ರಾ?"

"ಎಷ್ಟು ಸಲ ಕೇಳ್ತೀಯೆ? ಹೇಳಿದೆ."

ಹೆರಿಗೆ ಸುಖವಾಗಿ ಆಯಿತು, ಹೆಣ್ಣು ಮಗು ಎಂದು ತಂತಿ ಬಂತು. ವಾರ ಕಳೆಯುವುದರೊಳಗೆ ಇನ್ನೊಂದು ತಂತಿ. ಆರನೆಯ ದಿನ ಶುರುವಾದ ರಕ್ತಸ್ರಾವ ಏನು ಮಾಡಿದರೂ ನಿಲ್ಲದೆ ಅನಸೂಯಾ ತೀರಿಕೊಂಡಿದ್ದಳು.

ವಿಜಯವಾಡದ ಮನೆಯಲ್ಲಿ ರತ್ನಮ್ಮ ಗಿರಿಜಾಳ ಕೈ ಹಿಡಿದು ಅತ್ತಳು. "ವಂಶದಲ್ಲಿ ಯಾರಿಗಾದ್ರೂ ಹಿಂಗೆ ರಕ್ತ ಹೋಗೋ ಕಾಯಿಲೆ ಇದೆಯಾ ಅಂತ ಡಾಕ್ಟರು ಕೇಳಿದ್ರು ಕಣೇ. ಇಲ್ಲ ಅಂದೆ."

"ಅತ್ತಿಗೆ, ಇವರು ಬಂದು ಹೇಳಲಿಲ್ವಾ?" ಎಂದವಳೇ ಗಿರಿಜಾ ರಕ್ತಪರೀಕ್ಷೆಯ ವಿಷಯವನ್ನೆಲ್ಲ ಹೇಳಿಬಿಟ್ಟಳು.

ರತ್ನಮ್ಮ ತಮ್ಮನನ್ನೇ ನೋಡಿದಳು. "ಹೌದೇನೋ ಮೂರ್ತಿ?"

ಅವನು ಹೆಂಡತಿಯತ್ತ ಕೈ ತೋರಿಸಿದ. "ಮಗಳಿಗೆ ಬಂದಿರೋದು ಇವಳ ಕಡೆಯಿಂದ ಅಕ್ಕಾ. ನಮಗೂ ಅದಕ್ಕೂ ಏನು ಸಂಬಂಧ ಅಂತ ಸುಮ್ಮನಾದೆ."

ರತ್ನಮ್ಮ ಹಿಡಿದಿದ್ದ ಕೈ ಬಿಟ್ಟಳು. "ಸಾವಿನ ಮನೆಗೆ ಬಂದು ನಮ್ಮ ವಂಶಕ್ಕೆ ಮಸಿ ಬಳೀತೀಯಾ? ಏಳು, ಹೊರಡು."

ಗಿರಿಜಾ ಎದ್ದಳು. ಜಗಲಿಯಲ್ಲಿ ಅನಸೂಯಾಳ ಗಂಡ ದಿನಕರ ಕೂಸನ್ನು ಎತ್ತಿಕೊಂಡು ಕೂತಿದ್ದ. ಒಳಗಿನ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು.

"ದಿನಕರ, ಮಗುವಿನ ರಕ್ತ ಒಂದು ಸಲ ಪರೀಕ್ಷೆ ಮಾಡಿಸಪ್ಪ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ತಲೆಯೆತ್ತಲಿಲ್ಲ. "ಹೆಣ್ಣು ಮಗು ಅತ್ತೆ. ನಾಳೆ ಇದಕ್ಕೂ ಒಂದು ಮದುವೆ ಆಗ್ಬೇಕು. ಈ ಮಾತು ಇನ್ನು ಯಾರ ಹತ್ರಾನೂ ಎತ್ತಬೇಡಿ" ಎಂದ.