ಅಬಾದಾನಿನಿಂದ ಬಂದವನು

"ನೋಡು, ಹೀಗೆಯೇ," ಎಂದು ಮೊಯ್ದೀನಬ್ಬ ಗಂಜಿ ಪಾತ್ರೆಯ ಮುಚ್ಚಳ ಎತ್ತಿ ಹಿಡಿದ. ಅಂಚಿನಿಂದ ನೀರು ತೊಟ್ಟಿಕ್ಕಿತು. "ನೆಲದಿಂದ ತೆಗೆದ ಹಸಿ ಎಣ್ಣೆ ಕುದಿಸಿದರೆ ಆವಿ ಕಾರ್ಖಾನೆಯ ಗೋಪುರದಲ್ಲಿ ಮೇಲೆ ಹೋಗ್ತದೆ. ತುದಿಯಲ್ಲಿ ಪೆಟ್ರೋಲು, ನಡುವೆ ನಿನ್ನ ಚಿಮಿಣಿ ಎಣ್ಣೆ, ಅಡಿಯಲ್ಲಿ ಡಾಮರು. ಎಲ್ಲ ಒಂದೇ ಹೊಟ್ಟೆಯ ಮಕ್ಕಳು ಮಾರಾಯ್ತಿ."

ಸಫಿಯಾ ನಕ್ಕಳು. ಮದುವೆಯಾದ ವರ್ಷವೇ ಅಬಾದಾನಿಗೆ ಹೋದ ಗಂಡನನ್ನು ಅವಳು ಬಂದರಿನ ಈ ಬಾಡಿಗೆ ಮನೆಯಲ್ಲಿ ಕಾದದ್ದು ಎಷ್ಟೋ ಮಳೆಗಾಲ. ಕಳೆದ ವರ್ಷ, ೧೯೫೧ರಲ್ಲಿ, ಇರಾನ್ ಸರಕಾರ ಅಲ್ಲಿನ ಎಣ್ಣೆ ಕಾರ್ಖಾನೆಯನ್ನು ವಹಿಸಿಕೊಂಡಾಗ ಬಿಳಿಯರ ಜೊತೆ ಇವನೂ ಕೆಲಸ ಬಿಟ್ಟು ಬಂದಿದ್ದ. ಈಗ ದೋಣಿಗಳು ನಿಲ್ಲುವ ಧಕ್ಕೆಯ ಬಳಿಯ ಡಿಪೋದಲ್ಲಿ ಡಬ್ಬಗಳಿಗೆ ಚಿಮಿಣಿ ಎಣ್ಣೆ ತುಂಬಿಸುತ್ತಿದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದ. ಅವಳು ಬೇಡಿಕೊಂಡದ್ದು ಇಷ್ಟನ್ನೇ.

ಆದರೆ ಬಂದವನು ಪೂರ್ತಿ ಬಂದಿರಲಿಲ್ಲ. ಸಂಜೆಯಾದರೆ ಧಕ್ಕೆಯಲ್ಲಿ ಪಡುವಣಕ್ಕೆ ಮುಖಮಾಡಿ ಕೂರುತ್ತಿದ್ದ. ಹುಡುಕಿಕೊಂಡು ಹೋದ ಸಫಿಯಾ ಒಮ್ಮೆ ಕೇಳಿಯೇ ಬಿಟ್ಟಳು: "ಅಲ್ಲಿ ಯಾರಾದರೂ ಇದ್ದಾಳಾ?"

"ಯಾರೂ ಇಲ್ಲ. ಅಲ್ಲಿ ವಾಲ್ವ್ ತಿರುಗಿಸಿದರೆ ಇಡೀ ಗೋಪುರ ಉಸಿರಾಡಿದ್ದು ಕೈಗೆ ಗೊತ್ತಾಗ್ತಿತ್ತು. ಇಲ್ಲಿ ಎಂತ ಉಂಟು? ತಗಡಿನ ಡಬ್ಬ."

ಹೆಣ್ಣೊಬ್ಬಳಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು ಅನಿಸಿತು ಅವಳಿಗೆ.

ಮಳೆ ಮುಗಿದು ಬೊಂಬಾಯಿ ಹಡಗಿನ ಓಡಾಟ ಮತ್ತೆ ಶುರುವಾದಾಗ ಒಸ್ವಾಲ್ಡ್ ಮನೆಗೆ ಬಂದ. ಅಬಾದಾನಿನಲ್ಲಿ ಇವನ ಜೋಡಿಯಾಗಿ ದುಡಿದವನು.

"ಕುವೈತಿನ ಕಾರ್ಖಾನೆಗೆ ಗೋಪುರದ ಕೆಲಸ ಗೊತ್ತಿದ್ದವರು ಬೇಕಂತೆ. ನಾನು ಹೋಗ್ತೇನೆ. ನೀನು?"

ಮೊಯ್ದೀನಬ್ಬ ಒಳಬಾಗಿಲಿನತ್ತ ನೋಡಿದ. "ಇಲ್ಲ ಮಾರಾಯ. ಅವಳು ಕಾದದ್ದು ಸಾಕು."

ಬಾಗಿಲ ಮರೆಯಲ್ಲಿದ್ದ ಸಫಿಯಾಳ ಕಣ್ಣು ತುಂಬಿತು. ಒಸ್ವಾಲ್ಡ್ ಎದ್ದು ಹೋದ ಮೇಲೂ ಗಂಡ ಕೂತಲ್ಲೇ ಕೂತಿದ್ದ. ಮೊಣಕಾಲ ಮೇಲಿದ್ದ ಬಲಗೈ, ಅವನಿಗೇ ಅರಿವಿಲ್ಲದೆ, ಏನನ್ನೋ ಮೆಲ್ಲಗೆ ತಿರುಗಿಸುತ್ತಿತ್ತು.

ಅವಳು ಕೊಡೆಯಲ್ಲಿ ಮುಖ ಮರೆಸಿಕೊಂಡು ಹಿಂಬಾಗಿಲಿನಿಂದ ಓಡಿ, ಬೀದಿಯ ತಿರುವಿನಲ್ಲಿ ಒಸ್ವಾಲ್ಡ್‌ನನ್ನು ನಿಲ್ಲಿಸಿದಳು.

"ಅವರ ಹೆಸರೂ ಕೊಡಿ."

"ಅವನು ಬೇಡ ಅಂದನಲ್ಲ?"

"ಅದು ನನಗೋಸ್ಕರ ಅಂದದ್ದು. ಈಗ ನಾನೇ ಹೇಳ್ತಿದ್ದೇನೆ, ಕೊಡಿ."

ವಿಷಯ ತಿಳಿದಾಗ ಮೊಯ್ದೀನಬ್ಬ ಮೊದಲು ರೇಗಿದ. ಆಮೇಲೆ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ.

ಬೊಂಬಾಯಿ ಹಡಗು ಅಳಿವೆಯಾಚೆ ನಿಂತಿತ್ತು. ಹೋಗುವವರನ್ನು ದೋಣಿಯಲ್ಲಿ ಒಯ್ಯುತ್ತಿದ್ದರು. ದೋಣಿ ಧಕ್ಕೆ ಬಿಟ್ಟಾಗ ಮೊಯ್ದೀನಬ್ಬ ತಿರುಗಿ ದಡವನ್ನು ಹುಡುಕತೊಡಗಿದ. ಧಕ್ಕೆಯ ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಪರಗಂಡಸರಿಂದ ಮುಖ ಮರೆಸುವ ಕರಿ ಕೊಡೆ. ಅವನ ನೋಟ ಒಂದು ಕೊಡೆಯಿಂದ ಇನ್ನೊಂದಕ್ಕೆ ಅಲೆಯುತ್ತಿತ್ತು. ಸಫಿಯಾ ತನ್ನ ಕೊಡೆಯನ್ನು ಮಡಚಿ, ಉರಿಬಿಸಿಲಿಗೆ ಬರಿ ಮುಖವೆತ್ತಿ ನಿಂತಳು.