ತೋಳಿನ ನೀಲಿ ಕಲೆಗಳು

ಉಬ್ಬಸದ ಡಾಕ್ಟರಮ್ಮ ತಂಗಿಯ ತೋಳನ್ನು ಬೆಳಕಿಗೆ ಹಿಡಿದದ್ದೇ ತಡ, "ನೋಡಿ ಡಾಕ್ಟ್ರೇ, ನೀವೇ ನೋಡಿ" ಎಂದು ಅಣ್ಣ ಎದ್ದು ನಿಂತ. ಮುಂಗೈಯಿಂದ ಮೊಣಕೈವರೆಗೆ ನೀಲಿ, ನೇರಳೆ ಕಲೆಗಳು. ಅವನು ಬೆರಳು ತೋರಿದ್ದು ಕಲೆಗಳತ್ತ, ಕಣ್ಣು ಕೆಕ್ಕರಿಸಿದ್ದು ಬಾಗಿಲ ಬಳಿ ಕೂತಿದ್ದ ಅವಳ ಗಂಡನತ್ತ.

ಗಂಡ ಬಡಗಿ, ಆಳೆತ್ತರದ ಬಾಗಿಲನ್ನು ಒಬ್ಬನೇ ಎತ್ತಿ ನಿಲ್ಲಿಸುವವನು. ತಿಂಗಳಿಂದ ಮನೆ ಬಿಟ್ಟು ಮರದಂಗಡಿಯಲ್ಲೇ ಮಲಗುತ್ತಿದ್ದ. ಅಣ್ಣನ ಸಂಶಯಕ್ಕೆ ಅಷ್ಟು ಸಾಕಾಗಿತ್ತು. ತಂಗಿ "ಹೇಗಾಯ್ತೋ ಗೊತ್ತಿಲ್ಲ ಕಣೋ" ಎಂದರೆ, ಹೊಡೆಸಿಕೊಂಡವರೆಲ್ಲ ಹೀಗೇ ಹೇಳುವುದು ಎಂದು ಅವನ ವಾದ.

"ಇವತ್ತು ಇಲ್ಲಿಂದ ನೇರ ನಮ್ಮನೆಗೆ" ಎಂದ. ಪಾಪ, ತಂಗಿಯೆಂದರೆ ಅವನಿಗೆ ಪ್ರಾಣ.

ಡಾಕ್ಟರಮ್ಮ ಅವನಿಗೆ ಕೂರುವಂತೆ ಸನ್ನೆ ಮಾಡಿದರು. "ಮುಖ ಯಾವಾಗಿಂದ ಹೀಗೆ ಊದಿದೆ? ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?"

"ಉಗುರಿಗೆ ಫಂಗಸ್ಸು ಅಂತ ಒಂದು. ಕ್ಯಾಂಟೀನಲ್ಲಿ ದಿನವಿಡೀ ಪಾತ್ರೆ ತೊಳೀತೀನಲ್ಲಾ. ಚರ್ಮದ ಡಾಕ್ಟ್ರು ಕೊಟ್ರು. ಉಸಿರಿನ ಡಾಕ್ಟ್ರಿಗೆ ಉಗುರಿನ ಸುದ್ದಿ ಯಾಕೆ ಅಂತ ಹೇಳ್ಲಿಲ್ಲ. ಚರ್ಮದ ಡಾಕ್ಟ್ರಿಗೂ ಉಬ್ಬಸದ್ದು ಹೇಳ್ಲಿಲ್ಲ."

ಮಾತ್ರೆಯ ಹಾಳೆಯನ್ನು ಓದಿ ಡಾಕ್ಟರು ನಿಟ್ಟುಸಿರಿಟ್ಟರು. "ನಿಮ್ಮ ಇನ್‌ಹೇಲರಲ್ಲಿ ಸ್ಟೀರಾಯ್ಡ್ ಇದೆ. ಅದು ಮೈಯಿಂದ ಹೊರಗೆ ಹೋಗೋದನ್ನ ಈ ಮಾತ್ರೆ ತಡೀತಿದೆ. ಒಳಗೇ ಸೇರಿ ಸೇರಿ ಮುಖ ಊದಿದೆ, ಚರ್ಮ ತೆಳುವಾಗಿದೆ. ಬಾಗಿಲು ತಾಗಿದ್ರೂ ಚರ್ಮದಡಿ ರಕ್ತ ಹೆಪ್ಪುಗಟ್ಟಿ ಹೀಗೆ ನೀಲಿ ಆಗುತ್ತೆ. ಮಾತ್ರೆ ಇನ್ನು ಬೇಡ, ಆ ಡಾಕ್ಟ್ರ ಹತ್ರ ನಾನೇ ಮಾತಾಡ್ತೀನಿ. ಆದ್ರೆ ಇನ್‌ಹೇಲರ್ ನೀವಾಗೇ ನಿಲ್ಲಿಸಬೇಡಿ, ಅಪಾಯ. ಮೊದಲು ರಕ್ತ ಪರೀಕ್ಷೆ ಆಗ್ಲಿ."

ಅಣ್ಣನ ಮುಖ ಪೆಚ್ಚಾಯಿತು. "ಭಾವಾ..." ಎಂದ.

ಭಾವ ಅವನ ಕಡೆ ನೋಡಲೂ ಇಲ್ಲ. ಎದ್ದು ಮೇಜಿನ ಬಳಿ ಬಂದ.

"ಹಾಗಾದ್ರೆ ನಾನಲ್ಲ ಅಲ್ವಾ ಡಾಕ್ಟ್ರೇ?" ಎಂದ. "ನಿದ್ದೇಲಿ, ನನಗೇ ಗೊತ್ತಿಲ್ದೆ ಏನಾದ್ರೂ..."

"ಅದಕ್ಕಾ ನೀವು ಅಂಗಡೀಲಿ ಮಲಗ್ತಿದ್ದದ್ದು?" ಹೆಂಡತಿ ಅವನತ್ತ ತಿರುಗಿದಳು.

"ನೀವಲ್ಲಪ್ಪಾ" ಎಂದರು ಡಾಕ್ಟರು.

ಅಷ್ಟು ದೊಡ್ಡ ಆಳು ರೋಗಿಗಳ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟ. ಅವಳು ಸೆರಗು ಎಳೆದುಕೊಳ್ಳುವುದನ್ನೂ ಮರೆತು, ಬರಿಯ ತೋಳನ್ನು ಅವನ ಬೆನ್ನಿನ ಮೇಲೆ ಹಾಕಿ ನಿಂತಳು.