ಹಕ್ಕಲಿನ ಗಂಟೆ

"ಸುರಿಯೇ ಕೆಳಕ್ಕೆ, ಕಳ್ಳ ಮುಂಡೆ! ಮಡಿಲು ಬಿಚ್ಚು!"

ಕೂಳೆಯ ನಡುವೆ ಬಗ್ಗಿದ್ದ ಕೆಜಾಯ ನಿಧಾನಕ್ಕೆ ನೆಟ್ಟಗಾದಳು. ಥರ್ಕೆಟಲ್ ಧಣಿ ಕುದುರೆಯನ್ನು ಅವಳ ಮೈಮೇಲೆಯೇ ತಂದು ನಿಲ್ಲಿಸಿದ್ದ. ಅದರ ಬಾಯಿಯ ನೊರೆ ಅವಳ ಹೆಗಲಿಗೆ ಬಿತ್ತು.

"ಕದ್ದಿದ್ದಲ್ಲ ಧಣಿ, ಹಕ್ಕಲು. ಬೇಲಿ ಸಂದೀಲಿ ಬಿದ್ದಿತ್ತು."

"ನನ್ನ ಹೊಲದಾಗೆ ಬಿದ್ದಿದ್ದು ನಂದು. ನಾಳೆ ಬೆಳಿಗ್ಗೆ ಹಂದಿ ಬಿಡ್ತೀನಿ. ಅವು ತಿಂದು ಮಿಕ್ಕಿದ್ರೆ ಬಾ, ನೆಕ್ಕೀವಂತೆ."

ಅವಳು ಮಡಿಲು ಬಿಚ್ಚಿದಳು. ಒಂದೆರಡು ಹಿಡಿ ಗೋಧಿ ತೆನೆ ನೆಲಕ್ಕೆ ಬಿತ್ತು. ಥರ್ಕೆಟಲ್ ಅದರ ಮೇಲೆ ಕುದುರೆಯನ್ನು ಹಿಂದಕ್ಕೂ ಮುಂದಕ್ಕೂ ನಡೆಸಿದ, ತೆನೆ ಮಣ್ಣಲ್ಲಿ ಮಣ್ಣಾಗುವವರೆಗೆ. ಅಷ್ಟು ದೂರದಲ್ಲಿ ಕೊನೆಯ ಗಾಡಿಗೆ ಸಿವುಡು ಎಸೆಯುತ್ತಿದ್ದವರಲ್ಲಿ ಅವಳ ಗಂಡ ಜೋಸಾಯನೂ ಇದ್ದ. ಒಮ್ಮೆ ತಿರುಗಿ ನೋಡಿದವನು ಮತ್ತೆ ಕವೆಗೋಲು ಎತ್ತಿದ.

ಸುಗ್ಗಿಯುದ್ದಕ್ಕೂ ಅದೇ ಹೊಲದಲ್ಲಿ ಸಿವುಡು ಕಟ್ಟಿ ಕೆಜಾಯಳ ಅಂಗೈ ಸೀಳಿತ್ತು. ವಿದರ್ಲಿ ಹಳ್ಳಿಯಲ್ಲಿ ಕೊನೆಯ ಗಾಡಿ ಹೊಲ ಬಿಟ್ಟ ಮರುದಿನ ಚರ್ಚಿನ ಗಂಟೆ ಹೊಡೆಯುತ್ತಿತ್ತು. ಗಂಟೆ ಕೇಳಿದರೆ ಹೆಂಗಸರೆಲ್ಲ ಒಟ್ಟಿಗೆ ಹಕ್ಕಲಾಯಲು, ಕೊಯ್ಲಲ್ಲಿ ಉದುರಿದ ತೆನೆ ಹೆಕ್ಕಲು, ಇಳಿಯುತ್ತಿದ್ದರು. ಅದಕ್ಕೆ ಮೊದಲು ಇಳಿದವಳನ್ನು ಆ ಹೆಂಗಸರೇ ಕಳ್ಳಿ ಎನ್ನುತ್ತಿದ್ದರು. ಕೆಜಾಯ ಇವತ್ತು ಬೇಲಿಯಂಚಿಗೆ ಬಗ್ಗಿದ್ದು ತಡೆಯಲಾಗದ ಆಸೆಗೆ. ಆಯ್ದ ಗೋಧಿಯೇ ಚಳಿಗಾಲದ ರೊಟ್ಟಿ. ಅದೂ ಇಲ್ಲವೆಂದರೆ ದಿಕ್ಕಿಲ್ಲದವರನ್ನು ಕೂಡಿಹಾಕಿ ದುಡಿಸುವ ಪೇಟೆಯ ಬಡವರ ಮನೆಯೇ ಗತಿ. ಅಲ್ಲಿ ಗಂಡ ಒಂದು ಅಂಗಳದಲ್ಲಿ, ಹೆಂಡತಿ ಇನ್ನೊಂದರಲ್ಲಿ. ಕೆಜಾಯಳ ತಾಯಿ ಹೋದ ಚಳಿಗಾಲದಲ್ಲಿ ಅಲ್ಲಿಗೆ ನಡೆದುಕೊಂಡು ಹೋದವಳು, ಗೋಣಿಯಲ್ಲಿ ಹೊಲಿಸಿಕೊಂಡು ತಳ್ಳುಗಾಡಿಯಲ್ಲಿ ಬಂದಿದ್ದಳು.

ಮಧ್ಯಾಹ್ನ ನೆರೆಮನೆಯ ಮರ್ಸಿಯನ್ನು ಜೊತೆಗೆ ಕರೆದುಕೊಂಡು ಕೆಜಾಯ ಗಂಟೆ ಹೊಡೆಸಿರೆಂದು ಕೇಳಲು ಪಾದ್ರಿಯ ಮನೆಗೆ ಹೋದಳು. ಮುಂಬಾಗಿಲಿಗೆ ಬಂದ ಕೆಲಸದಾಕೆ ಅವರ ಕಾಲಿನ ಕೆಸರು ನೋಡಿ ಹಿತ್ತಿಲಿಗೆ ಕಳಿಸಿದಳು. ತುಂಬ ಹೊತ್ತು ಕಾಯಿಸಿ, ಬಾಯಿ ಒರೆಸಿಕೊಳ್ಳುತ್ತ ಪಾದ್ರಿ ಬಂದ.

"ಹೊಲ ಧಣಿಯವರದು, ಇಷ್ಟ ಅವರದು. ಲಂಡನ್ನಿನ ನ್ಯಾಯಾಧೀಶರೂ ಹಾಗೇ ಹೇಳಿದ್ದಾರೆ. ಈ ವರ್ಷ ಗಂಟೆ ಹೊಡೆಯುವುದಿಲ್ಲ."

"ಹೊಲದ ಮೂಲೆ ಬಡವ್ರಿಗೆ ಬುಡಿ ಅಂತ ದೇವ್ರೇ ಯೋಳವ್ನಲ್ಲ ಪಾದ್ರಿಯೋರೆ? ಚರ್ಚಲ್ಲಿ ನೀವೇ ಓದಿದ್ರಿ," ಎಂದಳು ಕೆಜಾಯ.

"ಅದು ಆ ಕಾಲದ ಯೆಹೂದ್ಯರಿಗೆ ಹೇಳಿದ ಮಾತು, ತಾಯಿ."

"ಹಂಗಾರೆ ಹತ್ತರಲ್ಲೊಂದು ಸಿವುಡು ದೇವ್ರಿಗೆ ಅಂತ ನಿಮ್ಮ ಕಣಜಕ್ಕೆ ಹೋಯ್ತದಲ್ಲ," ಮರ್ಸಿ ಬಾಯಿ ಹಾಕಿದಳು, "ಅದನ್ನ ಯಾರಿಗೆ ಯೋಳಿದ್ದು?"

ಪಾದ್ರಿಯ ಕಿವಿ ಕೆಂಪಾಯಿತು. "ನಾಲಿಗೆ ಬಿಗಿಹಿಡಿ. ಹಸಿವಾದರೆ ಹೇಳಿ, ಬಡವರ ಮನೆಗೆ ಚೀಟಿ ಬರೆದುಕೊಡುತ್ತೇನೆ."

ಬಾಗಿಲು ಮುಚ್ಚಿತು. ಮರ್ಸಿ ಅವನ ಗುಲಾಬಿ ಗಿಡಗಳಿಗೆ ಕ್ಯಾಕರಿಸಿ ಉಗಿದಳು. "ಗೊಬ್ರ ಆಗ್ಲಿ ಬುಡು ಮಗಂಗೆ."

ಕೆಜಾಯಳಿಗೆ ನಗು ಬರಲಿಲ್ಲ. ಮನೆಗೆ ಬಂದು ಕೂತಳು, ಎದ್ದಳು, ಬಾಗಿಲಿಗೆ ಹೋಗಿ ನಿಂತಳು, ಒಲೆಯ ಬೂದಿ ಕೆದಕಿ ಮತ್ತೆ ಎದ್ದಳು. ಕೆಲಸದಿಂದ ಬಂದ ಜೋಸಾಯ ಬೂಟು ಕೂಡ ಬಿಚ್ಚದೆ ಕೇಳಿದ.

"ಪಾದ್ರಿ ಮನೆಗೆ ಹೋಗಿದ್ಯಂತೆ? ಈ ಸೂರು ಆ ಧಣೀದು ಕಣೇ. ಬೀದಿಗೆ ಹಾಕ್ತಾನೆ."

"ಕುದ್ರೆ ತುಳಿಸ್ದ. ನೋಡ್ದೆ ತಾನೆ?"

"ನೋಡ್ದೆ."

"ಮತ್ತೆ?"

"ಮತ್ತೇನು ಮತ್ತೆ? ಹೊಟ್ಟೆ ಉರೀತು. ಸಿವುಡು ಎತ್ತಿ ಹಾಕ್ದೆ."

ಅವನು ತಲೆ ಎತ್ತಲಿಲ್ಲ. ಕೆಜಾಯಳಿಗೆ ಅವನ ಮೇಲೆ ಸಿಟ್ಟೂ ಬಂತು, ಅವನ ಬಗ್ಗಿದ ಬೆನ್ನು ನೋಡಿ ಅಳುವೂ ಬಂತು. ಎರಡನ್ನೂ ನುಂಗಿ ಹೊರಗೆ ನಡೆದಳು. ಕತ್ತಲಾಗುವ ಮೊದಲು ಮನೆಮನೆಯ ಬಾಗಿಲಲ್ಲೂ ಒಂದೇ ಮಾತು ಕೇಳಿದಳು: "ಗಂಟೆ ಹೊಡುದ್ರೆ ಬತ್ತೀರಾ?"

"ಹೊಡುದ್ರೆ ಬರದೆ ಏನು? ಹೊಡೆಯೋರ್ ಯಾರವ್ವ?"

ಬೆಳಿಗ್ಗೆ ಮುದುಕ ಓಬೆಡ್ ಚರ್ಚಿನ ಗೋಪುರದ ಕೋಣೆ ಗುಡಿಸುತ್ತಿದ್ದ. ಗಂಟೆ ಹೊಡೆಯುವುದು, ಹೆಣಕ್ಕೆ ಗುಂಡಿ ತೋಡುವುದು ಅವನದೇ ಕೆಲಸ. ಕೆಜಾಯ ಒಳಗೆ ಬಂದವಳೇ ಅವನ ಕೈಯ ಪೊರಕೆ ಕಿತ್ತುಕೊಂಡು ರಟ್ಟೆ ಹಿಡಿದಳು.

"ಆಚೆಗೆ ನಡಿ ತಾತ."

"ಏ, ಏನ್ ಮಾಡ್ತೀಯಾ ಹುಚ್ಚಿ? ಹೆಣ್ಣು ಮುಟ್ಟೋ ಹಗ್ಗ ಅಲ್ಲ ಕಣೇ ಅದು!"

"ಈ ಗೋಪುರಕ್ಕೆ ಕಲ್ಲು ಹೊತ್ತೋರು ಯಾರು, ಥರ್ಕೆಟಲ್ಲನ ತಾತಾನಾ? ಹೆಣ್ಣು ಹೊತ್ತಾಗ ಮೈಲಿಗೆ ಆಗ್ನಿಲ್ವಾ? ನಡಿ! ಯಾರಾರ ಕೇಳುದ್ರೆ, ‘ನನ್ನ ಹೊಡುದ್ಲು’ ಅನ್ನು."

ಮುದುಕನನ್ನು ಹೊರಗೆ ದಬ್ಬಿ ಅಗುಳಿ ಹಾಕಿದಳು. ಹಗ್ಗ ಹಿಡಿದು ಜಗ್ಗಿದಳು. ಏನೂ ಆಗಲಿಲ್ಲ. ಇಡೀ ಮೈಭಾರ ಬಿಟ್ಟು ಜೋತುಬಿದ್ದಳು. ಮೇಲೆಲ್ಲೋ ಮರದ ತೊಲೆ ಕಿರುಗುಟ್ಟಿತು, ಗಂಟೆ ಢಣ್ ಎಂದಿತು. ಅವಳ ಹಲ್ಲುಗಳೇ ನಡುಗಿದವು. ಮತ್ತೆ ಜಗ್ಗಿದಳು. ಗೋಪುರದ ಹಕ್ಕಿಗಳೆಲ್ಲ ರೆಕ್ಕೆ ಬಡಿದುಕೊಂಡು ಎದ್ದವು.

ಉಸಿರು ಕಟ್ಟಿದಾಗ ಹಗ್ಗ ಬಿಟ್ಟು ಕಿಂಡಿಗೆ ಓಡಿದಳು. ಹೊಲದ ಗೇಟಿನ ಮುಂದೆ ಹೆಂಗಸರು ಸೇರಿದ್ದರು. ಮರ್ಸಿಯ ಕೆಂಪು ತಲೆವಸ್ತ್ರ ಎಲ್ಲರಿಗಿಂತ ಮುಂದಿತ್ತು. ಗೇಟಿನೊಳಗೆ ಥರ್ಕೆಟಲ್ ಕೋವಿ ಹಿಡಿದು ನಿಂತಿದ್ದ. ಹಿಂದೆ ಹಂದಿಗಳು ಆಗಲೇ ಕೂಳೆ ಕೆದಕುತ್ತಿದ್ದವು. ಗಂಟೆ ನಿಂತಿದ್ದೇ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿದ್ದ ಒಬ್ಬಳು ಮನೆಯ ಕಡೆ ತಿರುಗಿದಳು.

"ಅಯ್ಯೋ, ನಿಲ್ರೇ!" ಕೆಜಾಯ ವಾಪಸ್ಸು ಹಗ್ಗಕ್ಕೆ ಹಾರಿದಳು.

ಬಾಗಿಲಿಗೆ ಕೊಡಲಿಯ ಮೊದಲ ಏಟು ಬಿತ್ತು. "ತೆಗಿಯೇ ಬೋಸುಡಿ!" ಊರಿನ ಪೇದೆಯ ದನಿ. "ದೇವರ ಮನೆಯಲ್ಲಿ ಇದೇನು ಅನಾಚಾರ!" ಪಾದ್ರಿಯ ದನಿ. ಅವಳು ಹಗ್ಗವನ್ನು ಮುಂಗೈಗೆ ಸುತ್ತಿದಳು, ಇನ್ನೊಂದು ಸುತ್ತು ಸುತ್ತಿ ಹಲ್ಲಿನಿಂದ ಕಚ್ಚಿ ಗಂಟು ಬಿಗಿದಳು. ಜಗ್ಗುತ್ತಲೇ ಇದ್ದಳು.

ಹಲಗೆ ಸೀಳಿತು. ಪೇದೆ ಒಳಗೆ ನುಗ್ಗಿ ಅವಳ ಕೂದಲಿಗೆ ಕೈ ಹಾಕಿ ಬಾಗಿಲಿನತ್ತ ಎಳೆದ; ಮುಂಗೈಗೆ ಕಟ್ಟಿದ ಹಗ್ಗವೂ ಜಗ್ಗಿತು. ಗಂಟೆ ಹೊಡೆಯಿತು.

"ನಿಲ್ಲಿಸೋ ಅದನ್ನ!" ಪಾದ್ರಿ ಕಿರುಚಿದ.

ಪೇದೆ ಇನ್ನೂ ಬಲವಾಗಿ ಎಳೆದ. ಗಂಟೆ ಇನ್ನೂ ಬಲವಾಗಿ ಹೊಡೆಯಿತು. ಅವಳ ಮುಂಗೈ ಹರಿದು ರಕ್ತ ಹಗ್ಗಕ್ಕಿಳಿಯಿತು. ಹೊಲದ ಕಡೆಯಿಂದ ಹೆಂಗಸರು ಕೂಗಿ ಅಟ್ಟುವುದು, ಹಂದಿಗಳು ಕಿರುಚಿಕೊಳ್ಳುವುದು ಕೇಳಿತು, ಅದರ ಹಿಂದೆಯೇ ಕೋವಿಯ ಒಂದು ಸದ್ದು.

"ಎಳಿಯೋ," ಎಂದಳು ಕೆಜಾಯ ನೆಲದಿಂದ. "ಇನ್ನೂ ಎಳಿ."